ಟ್ಯಾಪ್ ಮುರಿದಾಗ ಮೊದಲು ತೂತನ್ನು ಅಳೆಯಿರಿ

ಪೀಣ್ಯದ ನಮ್ಮ ಶೆಡ್ಡಿಗೆ ಒಮ್ಮೆ ನಲವತ್ತು ಫಿಕ್ಸ್ಚರ್ ಪ್ಲೇಟುಗಳ ಕೆಲಸ ಬಂದಿತ್ತು. 20 ಮಿ.ಮೀ. ದಪ್ಪದ ಎಂ.ಎಸ್. (ಮೃದು ಉಕ್ಕಿನ) ಪ್ಲೇಟು, ಒಂದೊಂದರಲ್ಲೂ ಎಂಟು ತೂತು, ಎಲ್ಲಕ್ಕೂ ಎಂ 8 ಥ್ರೆಡ್, ಅಂದರೆ 8 ಮಿ.ಮೀ. ಬೋಲ್ಟು ಕೂರುವ ತಿರುಪು ಹಲ್ಲು. ಹೆದರುವಂಥ ಕೆಲಸವೇನಲ್ಲ. ಆದರೆ ಮೊದಲ ದಿನ ಬೆಳಗಿನ ಚಹಾ ಬರುವಷ್ಟರಲ್ಲಿ ಮೂರು ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಮುರಿದಿದ್ದವು. ಎರಡು ತೂತಿನೊಳಗೇ ಉಳಿದವು, ಒಂದು ಪುಣ್ಯಕ್ಕೆ ಬಾಯಿಯ ಬಳಿಯೇ ತುಂಡಾಗಿ ಕೈಗೆ ಸಿಕ್ಕಿತು.

ಟ್ಯಾಪ್ ಹೊಡೆಯುತ್ತಿದ್ದವನು ಐಟಿಐ ಮುಗಿಸಿ ಸೇರಿದ್ದ ಹೊಸ ಹುಡುಗ. "ಟ್ಯಾಪ್ ಕಳಪೆ ಸರ್" ಎಂದ. ನಾನೂ ತಲೆಯಾಡಿಸಿದೆ. ಅಂಗಡಿಯವನಿಗೆ ಫೋನ್ ಮಾಡಿ ನಾಲ್ಕು ಮಾತು ಆಡಿದ್ದೂ ಆಯಿತು, ಮೂರು ಪಟ್ಟು ಬೆಲೆಯ ಟ್ಯಾಪ್ ತರಿಸಿದ್ದೂ ಆಯಿತು. ಊಟದ ಹೊತ್ತಿಗೆ ಅದೂ ಮುರಿಯಿತು. ಆಗ ಬುದ್ಧಿ ಬಂದು ಡ್ರಿಲ್ಲಿಂಗ್ ಮೆಷಿನ್ನಿನ ಚಕ್ಕಿನಿಂದ ಬಿಟ್ ಬಿಚ್ಚಿ ನೋಡಿದೆ. ಅದರ ಬುಡದಲ್ಲಿ 6.5 ಎಂದು ಕೆತ್ತಿತ್ತು.

"6.8 ಪೆಟ್ಟಿಗೆಯಲ್ಲಿ ಇರಲಿಲ್ಲ ಸರ್. 6.5 ಇತ್ತು, 7 ಇತ್ತು. ಚಿಕ್ಕದು ಹಾಕಿದರೆ ಥ್ರೆಡ್ ಗಟ್ಟಿಯಾಗಿ ಬರುತ್ತದೆ ಎಂದುಕೊಂಡೆ."

ಹುಡುಗನ ತರ್ಕದಲ್ಲಿ ಅರ್ಧ ಸತ್ಯವಿದೆ, ಮತ್ತು ಟ್ಯಾಪ್ ಮುರಿಯುವುದು ಆ ಅರ್ಧದಲ್ಲೇ. ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆನೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ದಿನದಿಂದ ನಾವು ಪಾಲಿಸುತ್ತಿರುವ ಪರೀಕ್ಷೆಯ ಕ್ರಮವನ್ನು ಬರೆಯುತ್ತೇನೆ.

ಡ್ರಿಲ್ ಯಾವುದಕ್ಕೆ ಹೊಣೆ, ಟ್ಯಾಪ್ ಯಾವುದಕ್ಕೆ ಹೊಣೆ

ದೋಷ ಹುಡುಕುವ ಮೊದಲು ಇದೊಂದು ಸ್ಪಷ್ಟವಾಗಬೇಕು. ತೂತಿನ ಥ್ರೆಡ್ಡಿಗೆ ಮೂರು ವ್ಯಾಸಗಳಿವೆ. ಹಲ್ಲಿನ ತುದಿಗಳ ನಡುವಿನ ಒಳವ್ಯಾಸ, ಹಲ್ಲಿನ ಬುಡದವರೆಗಿನ ಹೊರವ್ಯಾಸ, ಇವೆರಡರ ನಡುವೆ ಬೋಲ್ಟಿನ ಪಕ್ಕೆ ನಟ್ಟಿನ ಪಕ್ಕೆಗೆ ಒರಗುವ ಪಿಚ್ ವ್ಯಾಸ. ಡ್ರಿಲ್ ನಿರ್ಧರಿಸುವುದು ಒಳವ್ಯಾಸವನ್ನು ಮಾತ್ರ. ಉಳಿದೆರಡೂ ಟ್ಯಾಪಿನ ಕೈಯಲ್ಲಿವೆ.

ಹಾಗಾಗಿ "ಬೋಲ್ಟು ಗಡಗಡ ಅಲ್ಲಾಡುತ್ತಿದೆ, ದೊಡ್ಡ ಡ್ರಿಲ್ ಹಾಕಿಬಿಟ್ಟೆ" ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ತೂತು ದೊಡ್ಡದಾದರೆ ಹಲ್ಲು ಗಿಡ್ಡವಾಗುತ್ತದೆ, ಬಿಗಿದಾಗ ಕಿತ್ತುಬರುತ್ತದೆ. ಬಿಗಿಯುವ ಮೊದಲೇ ಬೋಲ್ಟು ಅಲ್ಲಾಡುತ್ತಿದ್ದರೆ ಟ್ಯಾಪ್ ಓಲಾಡಿ ಕೊರೆದಿದೆ, ಇಲ್ಲವೇ ಟ್ಯಾಪ್, ಬೋಲ್ಟು ಎರಡರಲ್ಲಿ ಒಂದು ಮೆಟ್ರಿಕ್ ಅಲ್ಲ. ಅದೇ ರೀತಿ ತೂತು ಸರಿಯಾಗಿದ್ದೂ ಥ್ರೆಡ್ ಪರೀಕ್ಷಿಸುವ ಗೇಜಿನ 'ಗೋ' ತುದಿ (ಸರಿಯಾದ ಥ್ರೆಡ್ಡಿನೊಳಗೆ ಹೋಗಲೇಬೇಕಾದ ತುದಿ) ಒಳಗೆ ಹೋಗದಿದ್ದರೆ ಡ್ರಿಲ್ ಬದಲಿಸಿ ಫಲವಿಲ್ಲ. ಸವೆದ ಟ್ಯಾಪನ್ನು ಎಸೆಯಿರಿ.

ಮೆಟ್ರಿಕ್ ಥ್ರೆಡ್ಡಿನ ಲೆಕ್ಕ ಸುಲಭ. ಬೋಲ್ಟಿನ ವ್ಯಾಸದಿಂದ ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ) ಕಳೆದರೆ ಡ್ರಿಲ್ ಸಿಗುತ್ತದೆ. ಎಂ 6ರ ಪಿಚ್ 1, ಡ್ರಿಲ್ 5. ಎಂ 10ರ ಪಿಚ್ 1.5, ಡ್ರಿಲ್ 8.5. ಎಂ 8ಕ್ಕೆ 1.25 ಕಳೆದರೆ 6.75 ಬರುತ್ತದೆ, ಪೇಟೆಯಲ್ಲಿ ಸುಲಭವಾಗಿ ಸಿಗುವುದು 6.8. ಎಂ 12ಕ್ಕೆ 10.25 ಬರುತ್ತದೆ, ಬಳಸುವುದು 10.2. ಸೂಕ್ಷ್ಮ ಪಿಚ್ಚಿಗೂ ಇದೇ ಲೆಕ್ಕ: ಎಂ 8 × 1 ಆದರೆ 7, ಎಂ 10 × 1.25 ಆದರೆ 8.8, ಎಂ 12 × 1.5 ಆದರೆ 10.5.

ಈ ಲೆಕ್ಕ ಎಲ್ಲಿಂದ ಬಂತೆಂದು ಹುಡುಗ ಕೇಳಿದ್ದ. 60 ಡಿಗ್ರಿಯ ಹಲ್ಲಿನ ಪೂರ್ತಿ ಆಳವನ್ನು ಎರಡೂ ಬದಿ ಸೇರಿಸಿದರೆ ಪಿಚ್ಚಿನ ಸುಮಾರು 1.3 ಪಟ್ಟು. ಅದರಲ್ಲಿ ಒಂದು ಪಿಚ್ಚಿನಷ್ಟನ್ನು ಉಳಿಸಿಕೊಂಡರೆ ಶೇ. 77ರಷ್ಟು ಥ್ರೆಡ್ ಸಿಗುತ್ತದೆ. ಬೇರೆ ಡ್ರಿಲ್ಲಿಗೆ ಶೇಕಡಾ ಎಷ್ಟೆಂದು ತಿಳಿಯಬೇಕಾದರೆ ಬೋಲ್ಟಿನ ವ್ಯಾಸದಿಂದ ಡ್ರಿಲ್ಲಿನ ವ್ಯಾಸ ಕಳೆದು, ಪಿಚ್ಚಿನಿಂದ ಭಾಗಿಸಿ, 77ರಿಂದ ಗುಣಿಸಿ. ಮೊಬೈಲಿನಲ್ಲಿ ಹತ್ತು ಸೆಕೆಂಡಿನ ಕೆಲಸ. ಕೆಲವು ಕೋಷ್ಟಕಗಳು ಹಲ್ಲಿನ ಆಳವನ್ನು ಬೇರೆ ಆಧಾರದಿಂದ ಎಣಿಸುತ್ತವೆ, ಆದ್ದರಿಂದ ಎರಡು ಕೋಷ್ಟಕಗಳ ಶೇಕಡಾವಾರನ್ನು ಅಕ್ಕಪಕ್ಕ ಇಟ್ಟು ವಾದಕ್ಕಿಳಿಯಬೇಡಿ.

ಈಗ ನಮ್ಮ ಪ್ಲೇಟಿಗೆ ಬನ್ನಿ. 6.8 ಹಾಕಿದ್ದರೆ ಶೇ. 74. ಹುಡುಗ ಹಾಕಿದ 6.5ರಲ್ಲಿ ಶೇ. 92. ಥ್ರೆಡ್ಡಿನ ಬಲ ಹೆಚ್ಚಿದ್ದು ಅತ್ಯಲ್ಪ, ಟ್ಯಾಪಿನ ಮೇಲೆ ಬಿದ್ದ ತಿರುಚುವ ಭಾರ ಮಾತ್ರ ವಿಪರೀತ. 20 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಶೇ. 65 ಥ್ರೆಡ್ ಇದ್ದರೂ ಥ್ರೆಡ್ ಕೀಳುವ ಮೊದಲು ಬೋಲ್ಟೇ ತುಂಡಾಗುತ್ತದೆ. ಬೋಲ್ಟಿಗಿಂತ ಗಟ್ಟಿಯಾದ ಥ್ರೆಡ್ ಕೊರೆದು ಯಾರಿಗೆ ತೋರಿಸುವುದು?

ಅರ್ಧರ್ಧ ಮಿಲಿಮೀಟರಿನ ಪೆಟ್ಟಿಗೆ

ನನ್ನ ಅನುಭವದಲ್ಲಿ ಸಣ್ಣ ವರ್ಕ್‌ಶಾಪುಗಳ ಟ್ಯಾಪಿಂಗ್ ತೊಂದರೆಯಲ್ಲಿ ದೊಡ್ಡ ಪಾಲು ಡ್ರಿಲ್ ಸೆಟ್ಟಿನದು. 1ರಿಂದ 13ರವರೆಗೆ ಅರ್ಧರ್ಧ ಮಿ.ಮೀ. ಏರುತ್ತಾ ಹೋಗುವ ಆ ತಗಡಿನ ಪೆಟ್ಟಿಗೆ ಎಲ್ಲರ ಬಳಿಯೂ ಇದೆ. ಅದರಲ್ಲಿ ಎಂ 3ಕ್ಕೆ 2.5 ಇದೆ, ಎಂ 6ಕ್ಕೆ 5 ಇದೆ, ಎಂ 10ಕ್ಕೆ 8.5 ಇದೆ. ಈ ಮೂರು ಸರಿಯಾಗಿ ಕೈಗೆ ಸಿಗುವುದರಿಂದ ಉಳಿದವೂ ಇರುತ್ತವೆ ಎಂಬ ನಂಬಿಕೆ ಹುಟ್ಟುತ್ತದೆ. ಎಂ 4, ಎಂ 5, ಎಂ 8, ಎಂ 12 ನಾಲ್ಕಕ್ಕೂ ಬೇಕಾದ ಅಳತೆ ಆ ಪೆಟ್ಟಿಗೆಯಲ್ಲಿ ಇಲ್ಲ.

ಎಂ 4ಕ್ಕೆ ಬೇಕಾದದ್ದು 3.3. ಪೆಟ್ಟಿಗೆಯಲ್ಲಿರುವ 3 ಹಾಕಿದರೆ ಮೇಲಿನ ಲೆಕ್ಕದಲ್ಲಿ ಶೇ. 110 ಬರುತ್ತದೆ. ನೂರನ್ನು ದಾಟಿತು ಎಂದರೆ ಟ್ಯಾಪಿನ ಹಲ್ಲಿನ ಬುಡವೂ ತೂತಿನ ಗೋಡೆಯನ್ನು ಉಜ್ಜುತ್ತಿದೆ ಎಂದು ಅರ್ಥ. ಪೆನ್ಸಿಲ್ಲಿಗಿಂತ ತೆಳ್ಳಗಿರುವ ಎಂ 4 ಟ್ಯಾಪ್ ಅದನ್ನು ತಡೆಯುವುದೇ ಇಲ್ಲ. 3.5 ಹಾಕಿದರೆ ಟ್ಯಾಪ್ ಬೆಣ್ಣೆಯಂತೆ ಇಳಿಯುತ್ತದೆ, ಆದರೆ ಸಿಗುವುದು ಶೇ. 55. ಎಂ 5ಕ್ಕೆ ಬೇಕಾದದ್ದು 4.2. 4 ಹಾಕಿದರೆ ಶೇ. 96, 4.5 ಹಾಕಿದರೆ ಶೇ. 48. ಎಂ 12 ಸ್ವಲ್ಪ ಉದಾರಿ: 10 ಹಾಕಿದರೆ ಶೇ. 88, 10.5ರಲ್ಲಿ ಶೇ. 66. ಎರಡೂ ಮಿತಿಯ ಹೊರಗೇ ಬೀಳುತ್ತವೆ, ಆದರೆ ಆ ಗಾತ್ರದ ಟ್ಯಾಪ್ ದಪ್ಪವಿರುವುದರಿಂದ ತಪ್ಪು ತಕ್ಷಣ ಬಯಲಾಗುವುದಿಲ್ಲ.

ಮಿತಿ ಎಂದೆನಲ್ಲ, ಅದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಕೆಲಸಕ್ಕೆ ನಡೆಯುವ 6 ಎಚ್ ದರ್ಜೆಯ ಥ್ರೆಡ್ಡಿಗೆ ಒಳವ್ಯಾಸ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂಬುದು ಇಲ್ಲಿದೆ. ಮೊದಲು ಡ್ರಿಲ್, ನಂತರ ಕೊರೆದ ತೂತಿನ ಕನಿಷ್ಠ ಮತ್ತು ಗರಿಷ್ಠ ಅಳತೆ, ಎಲ್ಲವೂ ಮಿ.ಮೀ.ಗಳಲ್ಲಿ:

ಎಂ 3 × 0.5: ಡ್ರಿಲ್ 2.5, ತೂತು 2.459 – 2.599
ಎಂ 4 × 0.7: ಡ್ರಿಲ್ 3.3, ತೂತು 3.242 – 3.422
ಎಂ 5 × 0.8: ಡ್ರಿಲ್ 4.2, ತೂತು 4.134 – 4.334
ಎಂ 6 × 1: ಡ್ರಿಲ್ 5.0, ತೂತು 4.917 – 5.153
ಎಂ 8 × 1.25: ಡ್ರಿಲ್ 6.8, ತೂತು 6.647 – 6.912
ಎಂ 10 × 1.5: ಡ್ರಿಲ್ 8.5, ತೂತು 8.376 – 8.676
ಎಂ 12 × 1.75: ಡ್ರಿಲ್ 10.2, ತೂತು 10.106 – 10.441
ಎಂ 16 × 2: ಡ್ರಿಲ್ 14.0, ತೂತು 13.835 – 14.210

ಎಂ 8ರ ಸಾಲನ್ನು ಇನ್ನೊಮ್ಮೆ ಓದಿ. 6.5 ಕನಿಷ್ಠಕ್ಕಿಂತ ಕೆಳಗೆ, 7 ಗರಿಷ್ಠಕ್ಕಿಂತ ಮೇಲೆ. ಪೆಟ್ಟಿಗೆಯಲ್ಲಿದ್ದ ಎರಡೂ ತಪ್ಪು. ಹುಡುಗ ಯಾವುದನ್ನು ಎತ್ತಿಕೊಂಡಿದ್ದರೂ ಪ್ಲೇಟು ತಿರಸ್ಕೃತವೇ ಆಗುತ್ತಿತ್ತು. 7 ಹಾಕಿದ್ದರೆ ಟ್ಯಾಪ್ ಮುರಿಯುತ್ತಿರಲಿಲ್ಲ, ಸುದ್ದಿ ಗಿರಾಕಿಯ ಕಡೆಯಿಂದ ಬರುತ್ತಿತ್ತು ಅಷ್ಟೇ.

ಕೆತ್ತಿದ ಅಂಕಿಯನ್ನು ನಂಬಬೇಡಿ

ಸರಿಯಾದ ಡ್ರಿಲ್ ಹಾಕಿದ ಮೇಲೂ ತೂತು ತಪ್ಪಾಗಬಹುದು. ಡ್ರಿಲ್ ತನ್ನ ಅಳತೆಗಿಂತ ತುಸು ದೊಡ್ಡ ತೂತನ್ನೇ ಕೊರೆಯುತ್ತದೆ, ಅದು ಸಹಜ. ಆದರೆ ಗ್ರೈಂಡರಿನಲ್ಲಿ ಕೈಯಿಂದ ಸಾಣೆ ಹಿಡಿದ ಡ್ರಿಲ್ಲಿನ ಎರಡು ತುಟಿಗಳಲ್ಲಿ (ಕೊರೆಯುವ ಅಂಚುಗಳಲ್ಲಿ) ಒಂದು ಉದ್ದ, ಒಂದು ಗಿಡ್ಡ ಆಗಿದ್ದರೆ ತೂತು ಲೆಕ್ಕ ಮೀರಿ ಹಿಗ್ಗುತ್ತದೆ. ಒಮ್ಮೆ ಅಲ್ಯೂಮಿನಿಯಂ ಬ್ರ್ಯಾಕೆಟಿನಲ್ಲಿ ಎಂ 10 ಬೋಲ್ಟು ಬಿಗಿಯುವಾಗ ಇದ್ದಕ್ಕಿದ್ದಂತೆ ಸಡಿಲವಾಯಿತು. ಬಿಚ್ಚಿದರೆ ಬೋಲ್ಟಿನ ಹಲ್ಲುಗಳ ನಡುವೆ ಬೆಳ್ಳಗಿನ ಅಲ್ಯೂಮಿನಿಯಂ ಸುರುಳಿ ಸ್ಪ್ರಿಂಗಿನಂತೆ ಸುತ್ತಿಕೊಂಡು ಬಂತು. ಡ್ರಿಲ್ 8.5 ಆಗಿತ್ತು, ಟ್ಯಾಪ್ ಹೊಸದು. ಅದೇ ಡ್ರಿಲ್ಲಿನಿಂದ ರದ್ದಿ ತುಂಡಿನಲ್ಲಿ ಇನ್ನೊಂದು ತೂತು ಕೊರೆದು ಅಳೆದೆವು. 8.8 ಬಂತು. ಡ್ರಿಲ್ಲಿನ ತುದಿಯನ್ನು ಕನ್ನಡಕ ತೆಗೆದು ಕಣ್ಣಿಗೆ ಹತ್ತಿರ ಹಿಡಿದಾಗ ಒಂದು ತುಟಿ ಎದ್ದು ಕಾಣುವಷ್ಟು ಉದ್ದವಿತ್ತು. ಕೊರೆಯುವಾಗ ಒಂದೇ ಬದಿಯ ಸುರುಳಿಯಿಂದ ದಪ್ಪ ಚಿಪ್ಸ್ (ಲೋಹದ ಚೂರು) ಬರುತ್ತಿದ್ದುದನ್ನು ಯಾರಾದರೂ ಗಮನಿಸಿದ್ದರೆ ಅಲ್ಲೇ ತಿಳಿಯುತ್ತಿತ್ತು.

ಚಕ್ಕಿನ ಓಲಾಟ, ಬಾಗಿದ ಡ್ರಿಲ್, ಸೆಂಟರ್ ಪಂಚ್ ಇಲ್ಲದೆ ಜಾರಿ ಶುರುವಾದ ತೂತು ಕೂಡ ಇದೇ ಫಲ ಕೊಡುತ್ತವೆ.

ಅಳೆಯುವುದು ಹೇಗೆ? ವರ್ನಿಯರಿನ ಒಳದವಡೆ ಸಣ್ಣ ತೂತಿಗೆ ಸುಳ್ಳು ಹೇಳುತ್ತದೆ. ದವಡೆಯ ಅಂಚು ಚಪ್ಪಟೆ, ತೂತಿನ ಗೋಡೆ ದುಂಡು. ಆದ್ದರಿಂದ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. 7 ಮಿ.ಮೀ. ತೂತು 6.9 ಎಂದು ಕಂಡರೆ ನೀವು ಸಮಾಧಾನದಿಂದ ಟ್ಯಾಪ್ ಹೊಡೆಯುತ್ತೀರಿ. ಪಿನ್ ಗೇಜ್ (ಖಚಿತ ವ್ಯಾಸದ ಅಳತೆ ದಂಡ) ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಹೊಸ ಡ್ರಿಲ್ಲುಗಳ ಹಿಂಭಾಗದ ನಯವಾದ ದಂಡವೇ ಪಿನ್ನು: ಎಂ 8ರ ತೂತಿಗೆ 6.7ರ ದಂಡ ಸಲೀಸಾಗಿ ಹೋಗಬೇಕು, 7ರ ದಂಡ ಹೋಗಕೂಡದು. ಒಂದು ಎಚ್ಚರಿಕೆ ಇದೆ. ಡ್ರಿಲ್ ತುದಿಯಿಂದ ಹಿಂದಕ್ಕೆ ಕೂದಲೆಳೆಯಷ್ಟು ಸಪೂರವಾಗುತ್ತಾ ಬರುತ್ತದೆ, ದಂಡ ಕೆತ್ತಿದ ಅಂಕಿಗಿಂತ ಕಡಿಮೆಯೇ ಇರುತ್ತದೆ. ಪಿನ್ನಾಗಿ ಬಳಸುವ ಮೊದಲು ಮೈಕ್ರೋಮೀಟರಿನಲ್ಲಿ ದಂಡವನ್ನೇ ಅಳೆದು ಅದರ ಮೇಲೆ ಮಾರ್ಕರಿನಲ್ಲಿ ಬರೆದುಕೊಳ್ಳಿ. ಡ್ರಿಲ್ಲಿನ ಅಳತೆ ಖಚಿತಪಡಿಸಿಕೊಳ್ಳಬೇಕಾದರೆ ತುದಿಯ ಬಳಿ, ಎರಡು ಅಂಚುಗಳ ಮೇಲೆ ಮೈಕ್ರೋಮೀಟರ್ ಇಡಿ.

ತೂತಿಗೆ ಆಗಲೇ ಥ್ರೆಡ್ ಹಾಕಿಯಾಗಿದ್ದರೆ ಹಲ್ಲಿನ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಎಂ 8ರಲ್ಲಿ 6.5ರ ತೂತಾದರೆ ತುದಿಯ ಚಪ್ಪಟೆ ಪಟ್ಟಿ ಸುಮಾರು ಕಾಲು ಮಿ.ಮೀ. ಅಗಲ, ಅಂಚು ಹರಿದಂತೆ ಇರುತ್ತದೆ. 7ರ ತೂತಾದರೆ ಪಟ್ಟಿ ಅರ್ಧ ಮಿ.ಮೀ. ಅಗಲವಿದ್ದು ಡ್ರಿಲ್ಲಿನ ಗೆರೆಗಳು ಅದರ ಮೇಲೆ ಹಾಗೆಯೇ ಹೊಳೆಯುತ್ತವೆ. ಎರಡನ್ನೂ ಒಮ್ಮೆ ಪಕ್ಕಪಕ್ಕ ನೋಡಿದ ಕಣ್ಣು ಮತ್ತೆ ಮರೆಯುವುದಿಲ್ಲ.

ಟ್ಯಾಪ್ ಮುರಿಯುತ್ತಿದ್ದರೆ

ಮುರಿಯುವ ಮೊದಲು ಟ್ಯಾಪ್ ಕೈಗೆ ಹೇಳುತ್ತದೆ. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಕೈ ಸಡಿಲಿಸಿ. ಹಿಡಿ ಇದ್ದಲ್ಲೇ ನಿಂತರೆ ಟ್ಯಾಪ್ ಕೊರೆಯುತ್ತಿದೆ. ಸ್ಪ್ರಿಂಗಿನಂತೆ ಹಿಂದಕ್ಕೆ ಹೊರಳಿದರೆ ಟ್ಯಾಪ್ ಕೊರೆಯುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲಿಗೆ ನಿಲ್ಲಿಸಿ ಹೊರತೆಗೆಯಿರಿ. ಅದರ ಮೇಲೆ ಇನ್ನೊಂದು ಕಾಲು ಸುತ್ತು ಹಾಕಿದವರೆಲ್ಲ ಆಮೇಲೆ ಅದೇ ಕಾಲು ಸುತ್ತನ್ನು ನೆನೆದು ಪರಿತಪಿಸಿದ್ದಾರೆ, ನನ್ನನ್ನೂ ಸೇರಿಸಿ.

ಹೊರತೆಗೆದ ಮೇಲೆ ತೂತಿನ ಬಾಯಿ ನೋಡಿ. ಲೋಹ ಹಿಂಡಿ ಮೇಲೆದ್ದು ದಪ್ಪ ಅಂಚು ಕಟ್ಟಿದ್ದರೆ ತೂತು ಚಿಕ್ಕದಿರುವ ಸಾಧ್ಯತೆಯೇ ಹೆಚ್ಚು. ಪಿನ್ ಹಾಕಿ ಖಚಿತಪಡಿಸಿಕೊಳ್ಳಿ. ಥ್ರೆಡ್ ಎರಡು ಮೂರು ಸುತ್ತಷ್ಟೇ ಇಳಿದಿದ್ದರೆ ಸರಿಯಾದ ಡ್ರಿಲ್ಲನ್ನು ಅದೇ ತೂತಿನಲ್ಲಿ ಹಾಯಿಸಿ ಮತ್ತೆ ಟ್ಯಾಪ್ ಹಿಡಿಯಬಹುದು, ಪ್ಲೇಟು ಹಾಳಾಗುವುದಿಲ್ಲ. ಆ ದಿನ ನಾವು ಉಳಿದ ಪ್ಲೇಟುಗಳನ್ನೆಲ್ಲ ಹೀಗೆಯೇ 6.8ರಿಂದ ಹಿಗ್ಗಿಸಿದೆವು. ಆಮೇಲೆ ಒಂದು ಸಾಮಾನ್ಯ ಟ್ಯಾಪಿನಲ್ಲೇ, ಅದೇ 'ಕಳಪೆ' ಟ್ಯಾಪಿನಲ್ಲೇ, ಕೆಲಸ ಮುಗಿಯಿತು.

ತೂತಿನ ಅಳತೆ ಸರಿಯಿದ್ದೂ ಮುರಿಯುತ್ತಿದ್ದರೆ ಲೋಹ ಯಾವುದೆಂದು ಕೇಳಿ. ಸ್ಟೇನ್‌ಲೆಸ್ 304 ವಿಚಿತ್ರ ಸ್ವಭಾವದ್ದು. ಮೊಂಡಾದ ಡ್ರಿಲ್ಲನ್ನು ಅಳುಕುತ್ತಾ ಮೆಲ್ಲಗೆ ಒತ್ತಿದರೆ ಅದು ಕೊರೆಯದೆ ಉಜ್ಜುತ್ತದೆ, ಉಜ್ಜಿದ ಗೋಡೆ ಗಡಸಾಗುತ್ತದೆ. ಆ ಗಡಸು ಪದರಕ್ಕೆ ಟ್ಯಾಪ್ ಹಲ್ಲು ಹಾಕಬೇಕು. ಇಲ್ಲಿ ಚೂಪಾದ ಡ್ರಿಲ್, ಕಡಿಮೆ ವೇಗ, ನಿಲ್ಲಿಸದ ಒತ್ತಡ, ಧಾರಾಳ ಕಟಿಂಗ್ ಆಯಿಲ್ ಬೇಕು. ಡ್ರಿಲ್ಲನ್ನೂ ಒಂದು ಮೆಟ್ಟಿಲು ಏರಿಸುವುದು ನನ್ನ ರೂಢಿ: ಎಂ 6ಕ್ಕೆ 5.1 ಹಾಕುತ್ತೇನೆ, ಶೇ. 69 ಥ್ರೆಡ್ ಸಿಗುತ್ತದೆ, ಮಿತಿಯೊಳಗೂ ಇರುತ್ತದೆ. ಎಂ 8ಕ್ಕೆ 6.9 ಹಾಕುವವರೂ ಇದ್ದಾರೆ. ಅಲ್ಲಿ ಗರಿಷ್ಠ ಮಿತಿಗೆ ಉಳಿಯುವುದು ಒಂದು ನೂರನೇ ಮಿಲಿಮೀಟರಿನಷ್ಟು, ಡ್ರಿಲ್ ತುಸು ಹಿಗ್ಗಿಸಿದರೂ ಮೀರುತ್ತದೆ. ಅದಕ್ಕೆ ನಾನು ಕೈಹಾಕುವುದಿಲ್ಲ.

ಎರಕದ ಕಬ್ಬಿಣ ಇದಕ್ಕೆ ವಿರುದ್ಧ. ಪುಡಿಪುಡಿಯಾಗಿ ಉದುರುತ್ತದೆ, ಟ್ಯಾಪಿಗೆ ಕಷ್ಟ ಕೊಡುವುದಿಲ್ಲ. ಆದರೆ ಪುಡಿ ತೂತಿನ ತಳದಲ್ಲಿ ಕೂತು ಗಟ್ಟಿಯಾಗದಂತೆ ನೋಡಿಕೊಳ್ಳಬೇಕು.

ಬ್ಲೈಂಡ್ ಹೋಲಿನಲ್ಲಿ (ಆಚೆ ಬದಿ ತೆರೆಯದ ತೂತಿನಲ್ಲಿ) ಮುರಿದರೆ ಮೊದಲ ಅನುಮಾನ ವ್ಯಾಸದ ಮೇಲಲ್ಲ, ಆಳದ ಮೇಲೆ. ಟ್ಯಾಪಿನ ಮೂತಿಯಲ್ಲಿ ಇಳಿಜಾರಾದ ಹಲ್ಲುಗಳಿರುತ್ತವೆ: ಸೆಟ್ಟಿನಲ್ಲಿ ಮೊದಲು ಹಾಕುವ ಟೇಪರ್ ಟ್ಯಾಪಿನಲ್ಲಿ ಏಳರಿಂದ ಹತ್ತು, ಸೆಕೆಂಡ್ ಟ್ಯಾಪಿನಲ್ಲಿ ಮೂರರಿಂದ ಐದು, ಕೊನೆಯ ಬಾಟಮಿಂಗಿನಲ್ಲಿ ಒಂದೆರಡು. ಅಷ್ಟು ಉದ್ದದಲ್ಲಿ ಪೂರ್ತಿ ಥ್ರೆಡ್ ಬರುವುದಿಲ್ಲ. ಎಂ 8ರಲ್ಲಿ 16 ಮಿ.ಮೀ. ಪೂರ್ತಿ ಥ್ರೆಡ್ ಬೇಕು, ಸೆಕೆಂಡ್ ಟ್ಯಾಪ್ ಬಳಸುತ್ತೀರಿ ಎಂದುಕೊಳ್ಳಿ. ಮೂತಿಯ ನಾಲ್ಕು ಹಲ್ಲಿಗೆ 5 ಮಿ.ಮೀ., ಚಿಪ್ಸ್ ಕೂರಲು ಒಂದಿಷ್ಟು ಜಾಗ, ಒಟ್ಟು 22 ಮಿ.ಮೀ. ಆಳ ಬೇಕು. ಇದು ಪೂರ್ತಿ ವ್ಯಾಸದ ಆಳ. 118 ಡಿಗ್ರಿಯ ಡ್ರಿಲ್ ತುದಿಯ ಶಂಕು ವ್ಯಾಸದ 0.3ರಷ್ಟು ಇರುತ್ತದೆ, ಇಲ್ಲಿ ಸುಮಾರು 2 ಮಿ.ಮೀ., ಅದನ್ನು ಎಣಿಸಬೇಡಿ. ಡ್ರಾಯಿಂಗಿನಲ್ಲಿ ಅಷ್ಟು ಜಾಗವೇ ಇಲ್ಲದಿದ್ದರೆ ಸೆಕೆಂಡ್ ಟ್ಯಾಪಿನ ನಂತರ ಬಾಟಮಿಂಗ್ ಹಾಕಲೇಬೇಕು.

ಮೆಷಿನ್ ಟ್ಯಾಪಾದರೆ ಅದರ ಜಾತಿಯನ್ನೂ ನೋಡಿ. ಸ್ಪೈರಲ್ ಪಾಯಿಂಟ್ ಟ್ಯಾಪ್ ಚಿಪ್ಸನ್ನು ಮುಂದಕ್ಕೆ ನೂಕುತ್ತದೆ, ಆಚೆ ಬದಿ ತೆರೆದಿರುವ ತೂತಿಗೆ ಅದೇ ಚೆಂದ. ಬ್ಲೈಂಡ್ ಹೋಲಿಗೆ ಹಾಕಿದರೆ ಚಿಪ್ಸ್ ತಳದಲ್ಲಿ ಒತ್ತಾಗಿ ತುಂಬಿ ಟ್ಯಾಪನ್ನು ಕಚ್ಚಿ ಹಿಡಿಯುತ್ತದೆ. ಅಲ್ಲಿಗೆ ಚಿಪ್ಸನ್ನು ಮೇಲಕ್ಕೆ ಎಳೆದು ತರುವ ಸ್ಪೈರಲ್ ಫ್ಲೂಟ್ ಟ್ಯಾಪ್ ಬೇಕು; ಫ್ಲೂಟ್ ಎಂದರೆ ಟ್ಯಾಪಿನ ಮೈಯುದ್ದಕ್ಕೂ ಇರುವ ತೋಡು.

ಫ್ಲೂಟೇ ಇಲ್ಲದ, ಇದ್ದರೂ ಎಣ್ಣೆಗೆಂದು ಸಣ್ಣ ಗೀರು ಮಾತ್ರ ಇರುವ ಟ್ಯಾಪ್ ಕೈಗೆ ಬಂದರೆ ನಿಲ್ಲಿ. ಅದು ಫಾರ್ಮ್ ಟ್ಯಾಪ್. ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಹಲ್ಲು ಎಬ್ಬಿಸುತ್ತದೆ. ಅದಕ್ಕೆ ವ್ಯಾಸದಿಂದ ಅರ್ಧ ಪಿಚ್ ಮಾತ್ರ ಕಳೆಯಬೇಕು: ಎಂ 6ಕ್ಕೆ 5.5ರ ಆಸುಪಾಸು, ಎಂ 8ಕ್ಕೆ 7.4. ಎಂ 6 ಫಾರ್ಮ್ ಟ್ಯಾಪನ್ನು 5ರ ತೂತಿಗೆ ಇಳಿಸಿದರೆ ಹಿಂಡಿದ ಲೋಹಕ್ಕೆ ಹೋಗಲು ಜಾಗವಿಲ್ಲದೆ ಟ್ಯಾಪ್ ಪಟ್ಟೆಂದು ಮುರಿಯುತ್ತದೆ. ತಿರುವುಮುರುವಾಗಿ 5.5ರ ತೂತಿಗೆ ಸಾಮಾನ್ಯ ಟ್ಯಾಪ್ ಹಾಕಿದರೆ ಶೇ. 38 ಥ್ರೆಡ್ ಸಿಗುತ್ತದೆ. ಎರಡೂ ಬಗೆಯ ಟ್ಯಾಪುಗಳನ್ನು ಒಂದೇ ಡ್ರಾಯರಿನಲ್ಲಿ ಇಡುವ ಶೆಡ್ಡಿನಲ್ಲಿ ಇದು ಇಂದಲ್ಲ ನಾಳೆ ಆಗಿಯೇ ಆಗುತ್ತದೆ.

ಬೋಲ್ಟು ಎರಡು ಸುತ್ತು ಹೋಗಿ ನಿಂತರೆ

ಡ್ರಿಲ್ಲಿನ ಮೇಲೆ ಸುಮ್ಮನೆ ಅಪವಾದ ಬರುವುದು ಇಲ್ಲಿ. ತೂತು ಚಿಕ್ಕದಾಗಿದೆ ಎಂದು ಡ್ರಿಲ್ ಹಾಯಿಸಿ ಇದ್ದ ಥ್ರೆಡ್ಡನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ. ಸರಾಗವಾಗಿ ಒಂದೆರಡು ಸುತ್ತು ಹೋಗಿ, ಆಮೇಲೆ ಬಿಗಿಯಾಗುತ್ತಾ ಹೋಗಿ ನಿಂತರೆ ಅದು ಪಿಚ್ ಹೊಂದದ ಲಕ್ಷಣ. ಎಂ 10ರಲ್ಲಿ ಇದು ಹೆಚ್ಚು. ಜಪಾನೀ ಮೂಲದ ವಾಹನಗಳಲ್ಲಿ ಎಂ 10 × 1.25 ಸಾಮಾನ್ಯ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳದೆ ಕೊಡುವುದು 1.5. ಪಿಚ್ ಗೇಜ್ ಇಲ್ಲದಿದ್ದರೆ ಹೊಂದುವುದೆಂದು ಖಚಿತವಾಗಿ ಗೊತ್ತಿರುವ ಹಳೆಯ ಬೋಲ್ಟನ್ನೂ ಹೊಸದನ್ನೂ ಹಲ್ಲಿಗೆ ಹಲ್ಲು ಕೂಡಿಸಿ ಬೆಳಕಿಗೆ ಹಿಡಿಯಿರಿ. ಪಿಚ್ ಒಂದೇ ಆದರೆ ಸಂದಿಯಲ್ಲಿ ಬೆಳಕು ಕಾಣದು.

ಹಳೆಯ ಲೇತು, ಪಂಪು, ಗಿರಣಿಯ ಭಾಗಗಳಾದರೆ ಇಂಚಿನ ಥ್ರೆಡ್ಡಿನ ಅನುಮಾನವೂ ಇರಲಿ. ಕಾಲಿಂಚಿನ ಬಿಎಸ್‌ಡಬ್ಲ್ಯುಗೆ (ಹಳೆಯ ಬ್ರಿಟಿಷ್ ವಿಟ್‌ವರ್ಥ್ ಥ್ರೆಡ್ಡಿಗೆ) ಇಂಚಿಗೆ 20 ಹಲ್ಲು, ಪಿಚ್ 1.27, ಕೋನ 55 ಡಿಗ್ರಿ. ವ್ಯಾಸ 6.35 ಆದ್ದರಿಂದ ಎಂ 6 ಬೋಲ್ಟು ಅದರೊಳಗೆ ಇಳಿದು ಅಲ್ಲಾಡುತ್ತದೆ, ಬಿಗಿದರೆ ಒಂದೆರಡು ಹಲ್ಲಿನ ಮೇಲೆ ನಿಲ್ಲುತ್ತದೆ. ಮೂರು ಎಂಟನೇ ಇಂಚು 9.525 ಮಿ.ಮೀ., ಅದರ ತೂತಿಗೆ ಎಂ 10 ಬೋಲ್ಟು ಬಾಯಲ್ಲೇ ಕಚ್ಚಿಕೊಳ್ಳುತ್ತದೆ. ಇಲ್ಲಿ ಹಳೆಯ ಬೋಲ್ಟಿನ ವ್ಯಾಸ ಅಳೆದರೆ ಸಾಕು, ಉತ್ತರ ಸಿಗುತ್ತದೆ.

ಬ್ಲೈಂಡ್ ಹೋಲಿನಲ್ಲಿ ಬೋಲ್ಟು ಪ್ರತಿ ಬಾರಿ ಒಂದೇ ಆಳದಲ್ಲಿ ನಿಂತರೆ ಟ್ಯಾಪಿನ ಮೂತಿಯ ಅರೆಬರೆ ಥ್ರೆಡ್ಡಿಗೆ ತಾಗುತ್ತಿದೆ. ಮೇಲಿನಿಂದ ಕೆಳಗಿನವರೆಗೂ ಬಿಗಿಯಾಗಿದ್ದರೆ ಕೈ ಟ್ಯಾಪಿನ ಸೆಟ್ಟನ್ನು ನೋಡಿ. ಕೆಲವು ಸೆಟ್ಟುಗಳಲ್ಲಿ ಮೂರೂ ಟ್ಯಾಪುಗಳ ವ್ಯಾಸ ಒಂದೇ ಇರುವುದಿಲ್ಲ; ಬುಡದಲ್ಲಿ ಒಂದು ಉಂಗುರ ಗೆರೆ, ಎರಡು ಉಂಗುರ ಗೆರೆ ಇರುವವು ಪೂರ್ತಿ ಅಳತೆಗೆ ಕೊರೆಯುವುದಿಲ್ಲ. ಗೆರೆಯಿಲ್ಲದ ಕೊನೆಯ ಟ್ಯಾಪ್ ಹಾಕುವುದನ್ನು ಯಾರೋ ಮರೆತಿದ್ದಾರೆ.

ಥ್ರೆಡ್ ಕಿತ್ತುಬಂದರೆ

ಬೋಲ್ಟಿಗೆ ಸುತ್ತಿ ಬಂದ ಸುರುಳಿಯನ್ನು ಎಸೆಯಬೇಡಿ, ಬೆರಳಿನಲ್ಲಿ ಹಿಡಿದು ನೋಡಿ. ನೂಲಿನಂತೆ ತೆಳ್ಳಗಿದ್ದರೆ ಹಲ್ಲಿನ ತುದಿ ಮಾತ್ರ ಹಿಡಿದಿತ್ತು, ಅಂದರೆ ತೂತು ದೊಡ್ಡದಾಗಿತ್ತು. ಸುರುಳಿ ದಪ್ಪವಿದ್ದರೆ ಹಲ್ಲು ಸರಿಯಾಗಿಯೇ ಇತ್ತು. ಆಗ ಬಿಗಿದದ್ದು ಅತಿಯಾಯಿತು, ಅಥವಾ ಬೋಲ್ಟು ಹಿಡಿದ ಉದ್ದ ಸಾಲಲಿಲ್ಲ. ಉಕ್ಕಿನಲ್ಲಿ ಬೋಲ್ಟಿನ ವ್ಯಾಸದಷ್ಟು ಉದ್ದ ಹಿಡಿದರೆ ಸಾಮಾನ್ಯವಾಗಿ ಸಾಕು, ಅಲ್ಯೂಮಿನಿಯಂನಲ್ಲಿ ಒಂದೂವರೆಯಿಂದ ಎರಡರಷ್ಟು ಬೇಕು. 2 ಮಿ.ಮೀ. ತಗಡಿಗೆ ಎಂ 6 ಟ್ಯಾಪ್ ಹೊಡೆದು ಚಿಕ್ಕ ಡ್ರಿಲ್ಲಿನಿಂದ ಬಲ ತುಂಬಲು ಹೊರಡುವುದು ವ್ಯರ್ಥ. ಎರಡೇ ಹಲ್ಲು ಎಷ್ಟು ಹೊತ್ತಾವು? ಹಿಂದೆ ಒಂದು ನಟ್ಟನ್ನು ವೆಲ್ಡ್ ಮಾಡಿ.

ಕಿತ್ತ ತೂತಿಗೆ ಮರುಜೀವ ಕೊಡುವ ದಾರಿ ಮುಂದಿನ ಗಾತ್ರ. ಎಂ 6 ಹೋದರೆ 6.8 ಡ್ರಿಲ್ ಹಾಯಿಸಿ ಎಂ 8 ಮಾಡಬಹುದು, ಹಳೆಯ ಥ್ರೆಡ್ಡಿನ ಗುರುತು ಉಳಿಯುವುದಿಲ್ಲ. ಎಂ 8 ಹೋದರೆ 8.5 ಹಾಯಿಸಿ ಎಂ 10, ಎಂ 10 ಹೋದರೆ 10.2 ಹಾಯಿಸಿ ಎಂ 12. ಎಂ 5ನ್ನು ಎಂ 6 ಮಾಡುವಾಗ ಮಾತ್ರ 5ರ ಡ್ರಿಲ್ ಹಳೆಯ ಹಲ್ಲಿನ ಬುಡವನ್ನು ಪೂರ್ತಿ ಅಳಿಸುವುದಿಲ್ಲ, ತೆಳುವಾದ ಗೆರೆ ಉಳಿಯುತ್ತದೆ. ಟ್ಯಾಪ್ ಹಳೆಯ ಗೆರೆಯನ್ನು ಹಿಡಿದು ದಾರಿ ತಪ್ಪದಂತೆ ನೇರವಾಗಿ ಶುರುಮಾಡಿ. ಗಾತ್ರ ಬದಲಿಸಲು ಗಿರಾಕಿ ಒಪ್ಪದಿದ್ದರೆ ಸ್ಟೇನ್‌ಲೆಸ್ ಸುರುಳಿಯ ಇನ್ಸರ್ಟ್ ಹಾಕಬೇಕು. ಅದಕ್ಕೆ ಬೇರೆ ಟ್ಯಾಪ್, ಬೇರೆ ಡ್ರಿಲ್. ಆ ಕಿಟ್ಟಿನ ಮೇಲೆ ಬರೆದ ಅಳತೆಯನ್ನೇ ಬಳಸಿ, ಮೇಲಿನ ಲೆಕ್ಕ ಅಲ್ಲಿ ನಡೆಯದು.

ಒಳಗೇ ಉಳಿದ ಆ ಎರಡು ಟ್ಯಾಪು

ಹಿತ್ತಾಳೆಯ ಸಣ್ಣ ಭಾಗದಲ್ಲಿ ಕಾರ್ಬನ್ ಸ್ಟೀಲ್ ಟ್ಯಾಪ್ ಮುರಿದರೆ ಪಟಿಕದ ಬಿಸಿ ದ್ರಾವಣದಲ್ಲಿ ಮುಳುಗಿಸಿಟ್ಟು ಟ್ಯಾಪನ್ನು ಮಾತ್ರ ಕರಗಿಸುವ ಹಳೆಯ ಉಪಾಯವೊಂದಿದೆ. ಕ್ಷೌರಿಕರ ಬಳಿ ಇರುವ ಅದೇ ಪಟಿಕ. ನಮ್ಮದು ಎಂ.ಎಸ್. ಪ್ಲೇಟು; ಟ್ಯಾಪಿನ ಜೊತೆ ಪ್ಲೇಟೂ ಕರಗುತ್ತದೆ, ಉಪಾಯ ಸಾಗದು. ಎರಡೂ ಪ್ಲೇಟುಗಳನ್ನು ಹಿಂದಿನ ಬೀದಿಯ ಸ್ಪಾರ್ಕ್ ಎರೋಷನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವ) ಮೆಷಿನ್ನಿನವರಿಗೆ ಕೊಟ್ಟು ತೆಗೆಸಿದೆವು. ಅವರು ಕೇಳಿದ ಹಣದಲ್ಲಿ 6.8ರ ಡ್ರಿಲ್ಲು ಒಂದು ಡಜನ್ ಬರುತ್ತಿತ್ತು.

ಈಗ ತಗಡಿನ ಪೆಟ್ಟಿಗೆಯ ಪಕ್ಕದಲ್ಲಿ ಮರದ ಹಲಗೆಯೊಂದಿದೆ. ಹುಡುಗನೇ ಮಾಡಿದ್ದು. ಒಂದೊಂದು ಕುಳಿಯಲ್ಲಿ ಟ್ಯಾಪು, ಅದರ ಪಕ್ಕದ ಕುಳಿಯಲ್ಲಿ ಅದರ ಡ್ರಿಲ್ಲು, ಕೆಳಗೆ ಬಣ್ಣದಲ್ಲಿ ಬರೆದ ಅಂಕಿ. 3.3, 4.2, 6.8, 10.2 ನಾಲ್ಕನ್ನೂ ಅವನು ಎರಡೆರಡು ಇಟ್ಟಿದ್ದಾನೆ. ಡ್ರಿಲ್ಲಿನ ಕುಳಿ ಖಾಲಿ ಇದ್ದರೆ ಅದರ ಟ್ಯಾಪನ್ನು ಯಾರೂ ಎತ್ತುವಂತಿಲ್ಲ ಎಂದೂ ಅವನೇ ಬರೆದು ಹಾಕಿದ್ದಾನೆ. ಮೊನ್ನೆ ನಾನು ಅವಸರದಲ್ಲಿ ಎಂ 5 ಟ್ಯಾಪಿಗೆ ಕೈಹಾಕಿದಾಗ "ಸರ್, 4.2 ಎಲ್ಲಿ?" ಎಂದು ಕೇಳಿದ. ಅದು ನನ್ನ ಜೇಬಿನಲ್ಲೇ ಇತ್ತು.